ಚುಕ್ಕಿ ಇಟ್ಟ ಹೆಸರುಗಳಿಗೆ ಹೋದ ಕಾಗದ

ನಾಯ್ನಾ,

ಎರಡು ತಿಂಗಳ ಹಿಂದೆ ನಿನ್ನ ಹೆಸರಿಗೊಂದು ಕಾಗದ ಬಂತು, ನೀನು ಹೋಗಿ ಒಂದೂವರೆ ವರ್ಷವಾದ ಮೇಲೆ. ಪೋಸ್ಟ್‌ಮನ್ ಸೈಕಲ್ ನಿಲ್ಲಿಸಿ, ಲಕೋಟೆ ನೋಡಿ, ನನ್ನ ಮುಖ ನೋಡಿ, ಅಮ್ಮನ ಕೈಗೆ ಕೊಟ್ಟು ಹೊರಟುಹೋದ. ಮೇಲೆ "ಶ್ರೀ ಚನ್ನಕೃಷ್ಣಪ್ಪನವರಿಗೆ" ಎಂದು ಅಚ್ಚಾಗಿತ್ತು. ಒಳಗೆ, "ಚನ್ನಕೃಷ್ಣಪ್ಪನವರೇ, ತಾವು ನಮ್ಮ ಹಳೆಯ ಬಳಗದವರು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇವೆ" ಎಂದಿತ್ತು. ಹೀಗೆ ಬರೆದ ಮಹಾನುಭಾವರು ಯಾರು ಅಂತೀಯಾ? ನಾನೇ, ನಿನ್ನ ಮಗಳು ಸರೋಜ. ನಮ್ಮ ಶಿಡ್ಲಘಟ್ಟದ ಪ್ರೆಸ್ಸಿನಲ್ಲಿ, ನೀನು ಕೂರುತ್ತಿದ್ದ ಜಾಗದಲ್ಲೇ ಕೂತು ಮಾಡಿದ ಕೆಲಸ. ನಗಬೇಡ, ಪೂರ್ತಿ ಕೇಳು.

ನೀನು ಟ್ರೆಡಲ್ ಮಿಷನ್ನು ತುಳಿಯುತ್ತಾ ಮೊಟ್ಟೆ ಕಾರ್ಡು ಒತ್ತುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ರೇಷ್ಮೆ ಹುಳುವಿನ ಮೊಟ್ಟೆ ಮಾರುವ ನಾರಾಯಣಸ್ವಾಮಿಗೆ ಪ್ರತಿ ಬೆಳೆಗೂ ಮುನ್ನೂರು ಚಿಲ್ಲರೆ ಪೋಸ್ಟ್ ಕಾರ್ಡು. ಯಾವತ್ತು ಮೊಟ್ಟೆ ಸಿಗುತ್ತದೆ ಅಂತ ಮೊದಲೇ ಗೊತ್ತಾದರೆ ತಾನೇ ಬೆಳೆಗಾರರು ಹುಳುಮನೆ ತೊಳೆದು, ಸೊಪ್ಪು ಹದಕ್ಕೆ ಬರುವ ಹಾಗೆ ನೋಡಿಕೊಳ್ಳುವುದು? ಎಲ್ಲರಿಗೂ ಒಂದೇ ಒಕ್ಕಣೆ. ಹೆಸರಿನ ಜಾಗದಲ್ಲಿ ಬರೀ ಚುಕ್ಕೆಗಳ ಸಾಲು ಒತ್ತಿ, ಅದರ ಮೇಲೆ ಇಂಕ್ ಪೆನ್ನಿನಲ್ಲಿ ನೀನು ಅರ್ಧ, ನಾನು ಅರ್ಧ ಹೆಸರು ತುಂಬುತ್ತಿದ್ದೆವು. "ಹೆಸರೂ ಅಚ್ಚಾಗೇ ಹೋದ್ರೆ ಎಷ್ಟು ಚೆನ್ನಾಗಿರುತ್ತೆ ನಾಯ್ನಾ" ಅಂತ ನಾನೊಮ್ಮೆ ಅಂದಿದ್ದೆ. ನೀನು ಪೆನ್ನು ಕೆಳಗಿಟ್ಟು, "ಒಂದು ಹೆಸರಿಗೆ ಹತ್ತು ಸೀಸದ ಮೊಳೆ ಜೋಡಿಸಬೇಕು, ಒಂದು ಕಾರ್ಡು ಒತ್ತಬೇಕು, ಮತ್ತೆ ಬಿಚ್ಚಬೇಕು. ಮುನ್ನೂರು ಸಲ. ಅಷ್ಟೊತ್ತಿಗೆ ಹುಳ ಗೂಡು ಕಟ್ಟಿ ಚಿಟ್ಟೆಯಾಗಿ ಹಾರೋಗಿರ್ತದೆ ಕಣಮ್ಮ" ಅಂದೆ. ಮದುವೆ ಆಗುವವರಿಗೆ, ಸತ್ತವರಿಗೆ ಮಾತ್ರ ಹೆಸರು ಅಚ್ಚಾಗುವ ಯೋಗ ಇದ್ದ ಕಾಲ ಅದು.

ಚಿಕ್ಕಬಳ್ಳಾಪುರದಲ್ಲಿ ಮೊದಲ ಡಿ.ಟಿ.ಪಿ. ಅಂಗಡಿ ಆದಾಗ ನಿನ್ನನ್ನು ಎಳೆದುಕೊಂಡು ಹೋಗಿದ್ದೆನಲ್ಲ, ನೆನಪಿದೆಯಾ? ಬಾಗಿಲಲ್ಲಿ "ಚಪ್ಪಲಿ ಬಿಟ್ಟು ಬನ್ನಿ" ಅಂತ ಬೋರ್ಡು. ಒಳಗೆ ತಣ್ಣಗೆ, ಗಾಜಿನ ಬಾಗಿಲು. ನೀನು ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಿಗೆ ಸೇರಿಸಿಕೊಂಡೆ. ಆ ಹುಡುಗಿ ಕೀಲಿ ಒತ್ತಿದಳು, ಪರದೆಯ ಮೇಲೆ ನಿನ್ನ ಹೆಸರು ಬಂತು. ಇನ್ನೊಂದು ಒತ್ತಿದಳು, ದೊಡ್ಡದಾಯಿತು. ಮತ್ತೊಂದು ಒತ್ತಿದಳು, ಪರದೆ ತುಂಬಿತು. ನಲವತ್ತು ವರ್ಷ ಮೊಳೆ ಹಿಡಿದ ಮನುಷ್ಯ ನೀನು, ಬಗ್ಗಿ ಪರದೆಯ ಹಿಂದೆ ನೋಡಿದೆ. "ಅಲ್ಲಮ್ಮಾ, ಇಷ್ಟು ದೊಡ್ಡ ಮೊಳೆಯೆಲ್ಲ ಎಲ್ಲಿಟ್ಟಿದ್ದೀರ?" ಅಂತ ಕೇಳಿದೆ. ಆ ಹುಡುಗಿ ನಕ್ಕಳು, ನಾನೂ ನಕ್ಕೆ. ನೀನು ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಮ್ಮೂರು ಹತ್ತಿರ ಬರುವ ತನಕ ಕಿಟಕಿ ಕಡೆ ತಿರುಗಿಯೇ ಕೂತಿದ್ದೆ. ಆಮೇಲೆ ನಿಧಾನಕ್ಕೆ, "ಸೀಸ ಇಲ್ಲ, ತೂಕ ಇಲ್ಲ, ಆದ್ರೂ ಅಕ್ಷರ ಐತೆ. ಎಂಥಾ ಆಶ್ಚರ್ಯ ನೋಡು" ಅಂದೆ. ನಿನಗೆ ಬೇಜಾರಾಗಿದೆ ಅಂದುಕೊಂಡಿದ್ದ ನಾನು ದಡ್ಡಿ. ಅದು ಬೇಜಾರಲ್ಲ, ಬೆರಗು.

ನೀನು ಹೋದ ಮೇಲೆ ಒಂದು ವರ್ಷ ಹಳೆಯ ದಾರಿಯಲ್ಲೇ ನಡೆಸಿದೆ. ನಿನ್ನ ಉದ್ದ ನೋಟ್‌ಬುಕ್ಕಿನಲ್ಲಿರುವ ವಿಳಾಸ ನೋಡಿ ಕಾರ್ಡು ತುಂಬುತ್ತಿದ್ದೆ. ಅದರಲ್ಲಿ ಕೆಲವು ಹೆಸರುಗಳ ಮುಂದೆ ನೀನು ಹಸಿರು ಶಾಯಿಯ ಚುಕ್ಕಿ ಇಟ್ಟಿದ್ದೆಯಲ್ಲ, ಅವರ ಕಾರ್ಡನ್ನು ನೀನಿರುವ ತನಕ ನನ್ನ ಕೈಗೆ ಕೊಟ್ಟವನೇ ಅಲ್ಲ. "ಅವು ನಂಗಿರಲಿ" ಅಂತ ಎಳೆದುಕೊಂಡು, ಒಂಟಿಯಾಗಿ ಕೂತು ಬರೆಯುತ್ತಿದ್ದೆ. ನಾನೇನು ತಿಳಿದೆ? ಇವರು ದೊಡ್ಡ ಬೆಳೆಗಾರರು, ಹಳೆಯ ಸ್ನೇಹಿತರು, ಅದಕ್ಕೇ ಈ ಮರ್ಯಾದೆ ಅಂತ. ನಿನ್ನ ಹಾಗೆ ಬರೆಯಲು ಬಾರದೆ ಹೋದರೆ ಅಂತ ಹೆದರಿ ಆ ಹನ್ನೊಂದು ಜನರಿಗೆ ಒಂದು ವರ್ಷ ಕಾರ್ಡೇ ಹಾಕಲಿಲ್ಲ. ಆ ತಪ್ಪು ಮನಸ್ಸನ್ನು ಕೊರೆಯುತ್ತಿತ್ತು. ನಿನ್ನನ್ನು ಕೇಳಿಟ್ಟುಕೊಂಡಿದ್ದರೆ…

ಕಂಪ್ಯೂಟರ್ ನಮ್ಮ ಪ್ರೆಸ್ಸಿಗೆ ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಇಡಲು ಹೋಗಿ, ಎಲ್ಲಿಡಬೇಕೋ ತಿಳಿಯದೆ ಟೇಬಲ್ಲಿಗೆ ಇಟ್ಟಳು. ನಿನ್ನ ನೋಟ್‌ಬುಕ್ಕನ್ನು ಆ ಚಿಕ್ಕಬಳ್ಳಾಪುರದ ಹುಡುಗಿಗೇ ಕೊಟ್ಟು ವಿಳಾಸವೆಲ್ಲ ಫ್ಲಾಪಿಗೆ ತುಂಬಿಸಿದೆ. ಮೊದಲ ಪುಟವನ್ನು ಮಾತ್ರ ನಾನು ತೆರೆದು ನೋಡಿರಲಿಲ್ಲ. ಅಲ್ಲಿದ್ದದ್ದು ನಿನ್ನದೊಂದೇ ಹೆಸರು, ನಿನ್ನದೇ ಕೈಬರಹ. ಕಾರ್ಡು ಯಾವತ್ತು ತಲುಪುತ್ತದೆ ಅಂತ ತಿಳಿಯಲು ನಿನಗೆ ನೀನೇ ಒಂದು ಹಾಕಿಕೊಳ್ಳುತ್ತಿದ್ದೆಯಲ್ಲ. ಆ ಪುಟ ನೋಡುವ ಧೈರ್ಯ ನನಗಿರಲಿಲ್ಲ. "ಇದ್ದ ಹಾಗೆ ಟೈಪ್ ಮಾಡಮ್ಮ, ಚುಕ್ಕಿ ಇರೋ ಹೆಸರಿಗೆ ಒಂದು ಗುರುತು ಹಾಕು" ಅಂದು ಬಂದೆ. ಆ ಗುರುತು ಇದ್ದವರಿಗೆ ಮಾತ್ರ ಒಂದು ವಿಶೇಷದ ಸಾಲು ಹೋಗುವ ಹಾಗೆ ಮಾಡಬಹುದು ಅಂತ ಅವಳೇ ತೋರಿಸಿಕೊಟ್ಟಳು. ಹಳೆಯ ಬಳಗ, ಆರೋಗ್ಯ, ನಂಬಿಕೆ, ಎಲ್ಲ ಸೇರಿಸಿ ಆ ಸಾಲನ್ನು ನಾನೇ ಬರೆದೆ.

ಮೊದಲ ಸಲ ಆ ಪ್ರಿಂಟರ್ ಕರ್ ಕರ್ ಅಂತ ಶುರುವಾದಾಗ ನಾನು ನಿಂತಲ್ಲೇ ನಿಂತೆ ನಾಯ್ನಾ. ಹೆಸರುಗಳನ್ನೆಲ್ಲ ಅದು ತಾನೇ ಅಕಾರಾದಿಯಾಗಿ ಜೋಡಿಸಿಕೊಂಡಿತ್ತು. ಒಂದು ಕಾಗದಕ್ಕೆ ಅಶ್ವತ್ಥಪ್ಪ, ಮುಂದಿನದಕ್ಕೆ ಆಂಜಿನಪ್ಪ, ಅದರ ಮುಂದಿನದಕ್ಕೆ ಈರಪ್ಪ. ಮೇಲೆ ಒಂದು ಸಲ, ಒಕ್ಕಣೆಯ ಮಧ್ಯದಲ್ಲಿ ಒಂದು ಸಲ. "ಈರಪ್ಪನವರೇ, ಈ ಸಲ ತಮ್ಮ ಇನ್ನೂರು ಮೊಟ್ಟೆ…" ಅಂತ ಎದುರಿಗೆ ಕೂತು ಮಾತಾಡಿಸಿದ ಹಾಗೆ. ಯಾರೂ ಮೊಳೆ ಜೋಡಿಸಲಿಲ್ಲ, ಯಾರೂ ಬಿಚ್ಚಲಿಲ್ಲ. ಮಧ್ಯಾಹ್ನದ ಊಟದೊಳಗೆ ಮುನ್ನೂರೂ ಮುಗಿಯಿತು. ನೀನಿದ್ದಿದ್ದರೆ ಬಗ್ಗಿ ಅದರ ಹಿಂದೆಯೂ ನೋಡುತ್ತಿದ್ದೆ. ಒಂದು ನಾಲ್ಕು ಕಾಗದ ಓದಿ, ಮಿಕ್ಕಿದ್ದನ್ನು ಪಕ್ಕದ ಮನೆಯ ಹೆಂಗಸರ ಜೊತೆ ಕೂತು ಮಡಚಿ, ಬುಕ್ ಪೋಸ್ಟಿಗೆ ಹಾಕಿ, ಬೀಗುತ್ತಾ ಮನೆಗೆ ಬಂದೆ. ಓದಿದ ನಾಲ್ಕರಲ್ಲಿ ಒಂದಕ್ಕೂ ಚುಕ್ಕಿ ಇರಲಿಲ್ಲ.

ನಿನ್ನ ಹೆಸರಿನ ಲಕೋಟೆ ಬಂದ ದಿನ ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, "ಓದೇ" ಅಂದಳು. ಓದಿದೆ. ಆರೋಗ್ಯದ ಸಾಲನ್ನೂ ಓದಿದೆ. ಅಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ಕಾಗದ ಕಿತ್ತುಕೊಂಡು, "ಇದರಾಗೆ ನಿಮ್ಮ ನಾಯ್ನ ಹೆಸರು ಎಲ್ಲೈತೆ ತೋರ್ಸು" ಅಂದಳು. ಅವಳ ಬೆರಳು ಹಿಡಿದು ಅಲ್ಲಿ ಇಡಿಸಿದೆ. ಎಷ್ಟೋ ಹೊತ್ತು ಬೆರಳು ತೆಗೆಯಲಿಲ್ಲ. ನಲವತ್ತು ವರ್ಷ ಊರಿನವರ ಹೆಸರೆಲ್ಲ ಅಚ್ಚು ಹಾಕಿದ ನಿನ್ನ ಹೆಸರು, ನಿನ್ನ ಸಮಾರಾಧನೆಯ ಕಾರ್ಡು ಬಿಟ್ಟರೆ ಅದೇ ಮೊದಲು ಕಾಗದದ ಮೇಲೆ ಅಚ್ಚಾಗಿ ಬಂದದ್ದು ಅಂತ ನನಗೆ ಆಗಲೇ ಹೊಳೆದದ್ದು.

ಮಾರನೆಯ ದಿನ ಚಿಂತಾಮಣಿ ಕಡೆಯಿಂದ ಮುನಿರಾಜು ಬಂದ. ನಿನ್ನ ಸ್ನೇಹಿತ ದೊಡ್ಡಮುನಿಯಪ್ಪನವರ ಮಗ. ಕೈಯಲ್ಲಿ ಕಾಗದ. ಮೆಟ್ಟಿಲ ಮೇಲಿಂದಲೇ, "ಏಮಮ್ಮಾ, ನಮ್ಮಪ್ಪ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಆರೋಗ್ಯವಾಗಿದ್ದೀರಾ ಅಂತ ಯಾರನ್ನ ಕೇಳಿದ್ದೀಯ? ಹೋಗಿ ಕೇಳ್ಕೊಂಡು ಬರ್ಲಾ?" ಅಂದ. ನೋಟ್‌ಬುಕ್ ತಂದು ತೋರಿಸಿ, "ಇಲ್ಲಿ ನೋಡಣ್ಣಾ, ಚುಕ್ಕಿ ಇಟ್ಟಿದ್ದಾರಲ್ಲ ನಾಯ್ನ, ಇವರೆಲ್ಲ ಮುಖ್ಯವಾದೋರು ಅಂತ…" ಎಂದು ತೊದಲಿದೆ. ಒಳಗಿಂದ ಬಂದ ಅಮ್ಮ ಪುಟವನ್ನು ನೋಡಿದವಳೇ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಅದು ಹೋದೋರಿಗೆ ಇಡೋ ಚುಕ್ಕಿ ಕಣೇ. ಹೆಸರಿನ ಮೇಲೆ ಗೆರೆ ಎಳೀಬಾರ್ದು ಅಂತ, ಹಣೆಗೆ ಇಟ್ಟಂಗೆ ಒಂದು ಚುಕ್ಕಿ ಇಡ್ತಿದ್ರು. ಆಮೇಲೆ ಅವರ ಮನೆಯೋರಿಗೆ ಅಂತ ಕೈಯಲ್ಲಿ ಬರೆದು ಹಾಕ್ತಿದ್ರು."

ಓದಲು ಬಾರದ ಅಮ್ಮನಿಗೆ ಗೊತ್ತಿದ್ದದ್ದು, ಕರಡು ತಿದ್ದುವ ನನಗೆ ಗೊತ್ತಿರಲಿಲ್ಲ! ನೀನು ಒಂಟಿಯಾಗಿ ಕೂತು ಬರೆಯುತ್ತಿದ್ದದ್ದು ಯಾಕೆ ಅಂತ ಒಂದು ಸಲವಾದರೂ ಕೇಳಬೇಕು ಅನ್ನಿಸಲಿಲ್ಲವಲ್ಲ ನನಗೆ. ಮುನಿರಾಜು ಕಾಗದವನ್ನು ಟೇಬಲ್ಲಿನ ಮೇಲೆ ಬಿಸಾಕಿ ಹೋದ.

ಅವನು ಹೋದ ಮೇಲೆ ಮೊದಲ ಪುಟ ತೆರೆದೆ. ತೆರೆಯಲೇಬೇಕಾಗಿತ್ತು. ಆ ವಿಶೇಷದ ಸಾಲು ನಿನ್ನ ಕಾಗದದಲ್ಲೂ ಇತ್ತಲ್ಲ, ಹೇಗೆ ಬಂತು ಅದು? ನಿನ್ನ ಹೆಸರಿನ ಮುಂದೆ ಹಸಿರು ಚುಕ್ಕಿ ಇತ್ತು ನಾಯ್ನಾ. ನೀನೇ ಇಟ್ಟದ್ದು, ಬೇರೆ ಯಾರು ಇಡಬೇಕು? ಆಪರೇಷನ್ನಿಗೆ ಬೆಂಗಳೂರಿಗೆ ಹೊರಡುವ ಮುಂಚೆ "ಪ್ರೆಸ್ಸಿಗೆ ಒಂದು ಗಳಿಗೆ ಹೋಗಿ ಬರ್ತೀನಿ, ಕನ್ನಡಕ ಮರೆತೆ" ಅಂದು ಹೋಗಿದ್ದೆ. ಬಂದವನು "ಮೂರು ದಿನದಲ್ಲಿ ಬಂದ್ಬಿಡ್ತೀನಿ, ಮದುವೆ ಕಾರ್ಡಿನ ಕರಡು ನೋಡಿಟ್ಟಿರು" ಅಂತ ನನಗೆ ಕೆಲಸ ಹೇಳಿದೆ. ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ನಮ್ಮ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ತಿಂದೆಯಾ? ನಾನು ಅವತ್ತು ಅತ್ತ ಹಾಗೆ ನಿನ್ನ ಮಣ್ಣಿಗೂ ಅತ್ತಿರಲಿಲ್ಲ. ಅಮ್ಮನಿಗೆ ಈ ಚುಕ್ಕಿಯ ಮಾತು ಹೇಳಿಲ್ಲ. ನಿನಗೊಬ್ಬನಿಗೇ ಹೇಳುತ್ತಿದ್ದೇನೆ.

ಸಂಜೆ ನಾರಾಯಣಸ್ವಾಮಿ ಬಂದರು. ಮೂರು ಊರಿನಿಂದ ಬೈಗುಳ ತಿಂದು ಬಂದಿದ್ದರು. "ನಿಮ್ಮಪ್ಪ ಕೈಯಲ್ಲಿ ಬರೀತಿದ್ರು ಸರೋಜಮ್ಮ, ಇಷ್ಟು ವರ್ಷದಲ್ಲಿ ಒಬ್ರೂ ಒಂದು ಮಾತು ಅಂದಿರ್ಲಿಲ್ಲ. ಮನೇಲಿ ಸತ್ತೋರನ್ನ ಹೆಸರಿಡಿದು ಕೂಗಿದ ಮೇಲೆ ನನ್ನ ಮೊಟ್ಟೆ ಯಾರು ಮುಟ್ತಾರೆ? ಆ ಮನೆಗಳು ಈ ಸಲ ಮೊಟ್ಟೆ ತಗೊಂಡ್ರೆ ಸರಿ. ಇಲ್ಲಾಂದ್ರೆ ಕಾಗದದ ಕೆಲಸ ಕೋಲಾರದಲ್ಲಿ ಮಾಡಿಸ್ಕೋತೀನಿ, ತಪ್ಪು ತಿಳ್ಕೋಬೇಡ" ಅಂದರು. ಅವರದು ತಪ್ಪೇನಿದೆ? ಆದರೆ ಆ ಕೆಲಸ ಹೋದರೆ ಪ್ರೆಸ್ಸಿನಲ್ಲಿ ಉಳಿಯುವುದೇನು, ನಾಲ್ಕು ಬಿಲ್ ಪುಸ್ತಕ, ಒಂದೆರಡು ಮದುವೆ ಕಾರ್ಡು. ಅದಕ್ಕಿಂತ, ಚನ್ನಕೃಷ್ಣಪ್ಪನ ಪ್ರೆಸ್ಸಿನಿಂದ ಬಂದ ಕಾಗದ ಅಂದರೆ ಜನ ಮುಖ ತಿರುಗಿಸುವ ಹಾಗಾಯಿತಲ್ಲ ಅನ್ನುವುದೇ ಸಂಕಟ. ನೀನು ಕಟ್ಟಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದೆ. ಹನ್ನೊಂದು ಮನೆಗೂ ಹೋಗಿ ತಪ್ಪಾಯಿತು ಅನ್ನುವುದೊಂದೇ ಉಳಿದ ದಾರಿ.

ಮೊದಲು ಮುನಿರಾಜು ಮನೆ. ಅವನು ಕೋಪದಲ್ಲೇ ನೀರು ಕೊಟ್ಟ, ಕೋಪದಲ್ಲೇ ಊಟಕ್ಕೆ ಏಳು ಅಂದ. ಊಟವಾದ ಮೇಲೆ, "ನಮ್ಮಮ್ಮ ಆ ಕಾಗದ ವಾಪಸ್ ಬೇಕು ಅಂತಾವ್ಳೆ, ತಂದಿದ್ದೀಯಾ?" ಅಂತ ಕೇಳಿದ. ತಂದಿದ್ದೆ. ಗೌರಿಬಿದನೂರಿಗೆ ಹೋಗಿ ಅಲೀಪುರದ ಹುಸೇನ್ ಸಾಹೇಬರ ಮನೆ ಹುಡುಕಿದೆ. ಅವರ ಹೆಂಡತಿ ಪರದೆಯ ಆಚೆ ಕೂತು, ನನ್ನ ಕ್ಷಮಾಪಣೆಯನ್ನೆಲ್ಲ ಮೊಮ್ಮಗಳ ಬಾಯಲ್ಲಿ ಉರ್ದುವಿಗೆ ಮಾಡಿಸಿಕೊಂಡು ಕೇಳಿದರು. ಆಮೇಲೆ ಆ ಹುಡುಗಿ ಹೇಳಿದಳು, "ಅಜ್ಜಿ ಕೇಳ್ತಾರೆ, ತಪ್ಪು ಯಾಕೆ ಅಂತ. ಅಜ್ಜನ್ನ ಹೇಗಿದ್ದೀರಿ ಅಂತ ಕೇಳೋರು ಯಾರಿದ್ದಾರೆ ಈಗ, ನೀವಾದ್ರೂ ಕೇಳಿದ್ರಲ್ಲ ಅಂತಾರೆ." ಬೈಸಿಕೊಳ್ಳಲು ಹೊರಟವಳಿಗೆ ಇದೆಲ್ಲ ಸಿಗುತ್ತದೆ ಅಂತ ಯಾರು ಎಣಿಸಿದ್ದರು? ಎರಡು ಮನೆಯಲ್ಲಿ ಮಾತ್ರ ಚೆನ್ನಾಗಿಯೇ ಬೈದರು, ಅದನ್ನೂ ಹೇಳಿಬಿಡುತ್ತೇನೆ. ಒಬ್ಬರು ಬಾಗಿಲೇ ತೆಗೆಯಲಿಲ್ಲ.

ಕೊನೆಯದು ಕೈವಾರದ ಪಕ್ಕದ ಊರು, ಚಿಕ್ಕಬೈಯಣ್ಣನವರ ಮನೆ. ಅವರ ಹೆಂಡತಿ ಅಕ್ಕಯಮ್ಮ ಹುಳುಮನೆಯಲ್ಲಿದ್ದರು. "ಅಲ್ಲೇ ನಿಲ್ಲು. ಚಪ್ಪಲಿ ಬಿಟ್ಟು, ಕೈ ತೊಳ್ಕೊಂಡು, ಆ ಸುಣ್ಣದ ಪುಡಿ ಮೆಟ್ಟಿ ಬಾ. ಮೂರನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದೈತೆ ಹುಳ" ಅಂದರು. ಒಳಗೆ ಹೋದೆ. ತಟ್ಟೆ ತುಂಬ ಹುಳ ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಹನಿದ ಹಾಗೆ. ಮಾತಾಡುತ್ತಲೇ ಅವರು ರೋಗ ಬಂದ ಹುಳವನ್ನು ಆರಿಸಿ ಆರಿಸಿ ತೆಗೆಯುತ್ತಿದ್ದರು. ನಾನು ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತು ಒಪ್ಪಿಸಿದೆ.

"ನಮ್ಮನೆಯೋರ ಹೆಸರು ನಾನು ಬಾಯಲ್ಲಿ ಹೇಳಿದೋಳಲ್ಲಮ್ಮ. ನಿನ್ನ ಮಿಷನ್ನು ಎರಡೆರಡು ಸಲ ಹೇಳ್ಬಿಡ್ತು" ಅಂದು ನಕ್ಕರು. ಕಣ್ಣಲ್ಲಿ ನೀರೂ ಇತ್ತು. "ಮೊದಲಿಂದಾನೂ ಹುಳ ನೋಡೋದು ನಾನು. ಅವರು ಗೂಡು ಮಾರ್ಕೆಟ್‌ಗೆ ತಗೊಂಡೋಗೋರು ಅಷ್ಟೆ. ಅವರು ಹೋದ ಮೇಲೆ ಅದೂ ನಾನೇ. ನಿನ್ನ ಮಿಷನ್ನಿಗೆ ನನ್ನ ಹೆಸರು ಬರ್ತೈತಾ?"

"ಬರ್ತದಮ್ಮಾ, ಯಾರದು ಬೇಕಾದ್ರೂ ಬರ್ತದೆ."

"ಮತ್ತೆ ಯಾಕೆ ಬರ್ಲಿಲ್ಲ?"

ಮುನ್ನೂರು ಹೆಸರಲ್ಲಿ ಒಂದೂ ಹೆಂಗಸಿನದಲ್ಲ ಅಂತ, ಹೆಂಗಸಾದ ನನಗೇ ಆವರೆಗೆ ಕಂಡಿರಲಿಲ್ಲ. ಹದಿನೈದು ವರ್ಷ ನನ್ನ ಕೈಯಲ್ಲೇ ಆ ಹೆಸರುಗಳನ್ನು ತುಂಬಿದ್ದೇನೆ. ಸೀಸದ ಮೊಳೆ ಸಾಲದು ಅಂತ ನೀನು ಹೇಳಬಹುದಿತ್ತು. ಮೊಳೆಯೇ ಬೇಡದ ಮಿಷನ್ನು ಮುಂದಿಟ್ಟುಕೊಂಡ ನಾನು ಏನು ಹೇಳಲಿ? ಅಲ್ಲೇ ಸುಣ್ಣದ ಕಾಲಲ್ಲಿ ನಿಂತು ಅವರ ಹೆಸರು ಬರೆದುಕೊಂಡೆ. ಮರುದಿನದಿಂದ ಉಳಿದ ಮನೆಗಳಿಗೂ ಹೇಳಿ ಕಳಿಸಿ, ಮಾರ್ಕೆಟ್ಟಿಗೆ ಬಂದವರನ್ನು ನಿಲ್ಲಿಸಿ, "ಹುಳ ನೋಡೋರು ಯಾರು?" ಅಂತ ಒಂದೇ ಪ್ರಶ್ನೆ ಕೇಳಿದೆ. ಕೆಲವು ಗಂಡಸರು ತಲೆ ಕೆರೆದುಕೊಂಡರು. ಒಬ್ಬ, "ನಮ್ಮವಳ ಹೆಸರಿಗೆ ಕಾಗದ ಬಂದ್ರೆ ಅವಳನ್ನ ಹಿಡಿಯೋರು ಯಾರಮ್ಮ" ಅಂದ, ಆದರೂ ಹೆಸರು ಹೇಳಿದ. ಎಷ್ಟು ಹೆಸರುಗಳು ನಾಯ್ನಾ! ತಿಮ್ಮಕ್ಕ, ಪಿಳ್ಳಮ್ಮ, ಮುನಿನಂಜಮ್ಮ, ಖೈರುನ್ನೀಸಾ. ನಮ್ಮ ಮೊಳೆ ಇಡುವ ಕೇಸಿನಲ್ಲಿ ಅಕ್ಷರಗಳೆಲ್ಲ ಇದ್ದವು, ಈ ಹೆಸರಾಗಿ ಅವು ಒಂದು ದಿನವೂ ಜೋಡಿಯಾಗಿರಲಿಲ್ಲ.

ಹೋದ ತಿಂಗಳ ಕಾಗದ ಈ ಹೊಸ ಪಟ್ಟಿಗೆ ಹೋಯಿತು. ಈ ಸಲ ಮುನ್ನೂರನ್ನೂ ಒಂದೊಂದಾಗಿ ಓದಿಯೇ ಮಡಚಿದ್ದು. ಚುಕ್ಕಿ ಇಟ್ಟ ಹನ್ನೊಂದು ಮನೆಗಳಲ್ಲಿ ಒಂಬತ್ತು ಮನೆ ಮೊಟ್ಟೆ ತಗೊಂಡವು. ನಾರಾಯಣಸ್ವಾಮಿ ಕೋಲಾರದ ಮಾತು ಮತ್ತೆ ಎತ್ತಿಲ್ಲ, "ಹೆಂಗಸರಿಗೆ ಯಾಕೆ ಬರೆದೆ ಅಂತ ಯಾರಾದ್ರೂ ಕೇಳಿದ್ರೆ ನೀನೇ ಉತ್ತರ ಹೇಳ್ಬೇಕು" ಅಂತ ಮಾತ್ರ ಅಂದಿದ್ದಾರೆ. ಮುಂದಿನ ಬೆಳೆಗೂ ಹೋದ ವಾರ ಅದೇ ಪಟ್ಟಿಗೆ ಕಾಗದ ಹಾಕಿದೆ. ನಿನ್ನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದೇನೆ. ತೆಗೆಯುವ ಕೀಲಿ ಒತ್ತಲು ಅರ್ಧ ದಿನ ಹಿಡಿಯಿತು.

ಇವತ್ತು ಬೆಳಿಗ್ಗೆ ಪೋಸ್ಟ್‌ಮನ್ ಮತ್ತೆ ಸೈಕಲ್ ನಿಲ್ಲಿಸಿದ. ಅವನು ಕೊಟ್ಟದ್ದು ಒಂದು ಪೋಸ್ಟ್ ಕಾರ್ಡು, ಶಾಲೆಯ ಮಕ್ಕಳ ದುಂಡು ಅಕ್ಷರ. ನಾವು ಇಷ್ಟು ವರ್ಷದಲ್ಲಿ ಸಾವಿರಾರು ಕಾರ್ಡು ಹಾಕಿದ್ದೇವೆ, ಒಂದಕ್ಕಾದರೂ ಉತ್ತರ ಬಂದದ್ದು ನಿನಗೆ ನೆನಪಿದೆಯಾ? ಅದಕ್ಕೇ ಇದನ್ನು ಇದ್ದ ಹಾಗೇ ಇಲ್ಲಿ ಇಳಿಸುತ್ತಿದ್ದೇನೆ, ಓದಿಕೋ:

"ಪ್ರೆಸ್ಸಿನ ಸರೋಜಮ್ಮನಿಗೆ ಅಕ್ಕಯಮ್ಮ ಬರೆಸಿದ್ದು. ನಿಮ್ಮ ಕಾಗದ ಬಂತು. ಹದಿನಾಲ್ಕಕ್ಕೆ ಮೊಟ್ಟೆ ಅಂತ ಹಾಕಿದ್ದೀರ, ಆವತ್ತು ನಂಗಾಗಲ್ಲ, ಸೊಪ್ಪು ಇನ್ನೂ ಎಳೇದು. ಇಪ್ಪತ್ತಕ್ಕೆ ಕೊಡಿ. ಹೋದ ಸಲದ ಮೊಟ್ಟೆ ಒಂದೇ ಸಮ ಒಡೀಲಿಲ್ಲ, ಅದನ್ನ ನಾರಾಯಣಸ್ವಾಮಿಗೆ ಹೇಳಿ. ಮುಂಚೆ ನಿಮ್ಮಪ್ಪನೋರು ಮನೆಯವರಿಗೆ ಅಂತ ಬರೀತಿದ್ರು, ಅದಕ್ಕೆ ಉತ್ತರ ಯಾರು ಕೊಡಬೇಕು ಅಂತ ನಮಗೆ ಗೊತ್ತಾಗ್ತಿರಲಿಲ್ಲ."

ಇಪ್ಪತ್ತಕ್ಕೆ ಬದಲಾಯಿಸಿದ್ದೇನೆ ನಾಯ್ನಾ. ಅವರೊಬ್ಬರಿಗೆ ಮಾತ್ರ.

ನಿನ್ನ ಸರೋಜ